ಪಟವರ್ಧನ ಮನೆತನ

ಪಟವರ್ಧನರು ಪುಣೆಯ ಪೇಶ್ವೆಯರ ನೆರಳಿನಲ್ಲಿ ಏಳ್ಗೆಗೆ ಬಂದ ಚಿತ್ಪಾವನ ಬ್ರಾಹ್ಮಣ ಸರದಾರ ಮನೆತನದವರು. ಸಾಂಗಲಿ, ಮಿರಜ, ಕುರುಂದವಾಡ, ಜಮಖಂಡಿ ಸಂಸ್ಥಾನಗಳನ್ನು ಇವರ ಶಾಖೆಗಳೇ 1948ರವರೆಗೆ ಆಳಿದವು. ಪುಣೆಯ ಟಿಳಕ ರಸ್ತೆಯಲ್ಲಿರುವ ಎಸ್.ಪಿ. ಕಾಲೇಜು ಯಾರಿಗೆ ಗೊತ್ತಿಲ್ಲ? ಆ ಎರಡಕ್ಷರ ಬಿಡಿಸಿದರೆ ಸಿಗುವುದು ಜಮಖಂಡಿಯ ದೊರೆ ಸರ್ ಪರಶುರಾಮಭಾವೂ ಪಟವರ್ಧನರ ಹೆಸರು.

ಮೂಲಪುರುಷ ಹರಭಟ್ಟ. ರತ್ನಾಗಿರಿ ಸೀಮೆಯ ಕೋತವಡೆಯವನು, ಗಣಪತಿಯ ಭಕ್ತ. ಇಚಲಕರಂಜಿಯ ಘೋರ್ಪಡೆಯವರ ಮನೆಗೆ ಪುರೋಹಿತನಾಗಿ ಬಂದವನು. ಪೇಶ್ವೆ ಬಾಳಾಜಿ ವಿಶ್ವನಾಥನ ಮಗಳು ಘೋರ್ಪಡೆಯವರ ಸೊಸೆಯಾದಳು. ಆ ಬೀಗತನ ಪುರೋಹಿತನ ಮಕ್ಕಳಿಗೂ ಪುಣೆಯ ಬಾಗಿಲು ತೆರೆಯಿತು. ಅಪ್ಪನ ಕೈಯಲ್ಲಿದ್ದದ್ದು ಪಂಚಪಾತ್ರೆ, ಮಕ್ಕಳು ಹಿಡಿದದ್ದು ಕತ್ತಿ. ಗೋವಿಂದ ಹರಿ, ರಾಮಚಂದ್ರ ಹರಿ, ತ್ರಿಂಬಕ ಹರಿ ದಂಡಿನಲ್ಲಿ ಹೆಸರು ಮಾಡಿದರು. ಹೈದರಾಲಿಯ ಎದುರು ಗಡಿ ಕಾಯಲು ನಂಬಿಕಸ್ಥರು ಬೇಕಾಗಿದ್ದ ಮೊದಲನೆಯ ಮಾಧವರಾವ್ ಪೇಶ್ವೆ ಇವರಿಗೆ ಕೃಷ್ಣೆಯ ಸುತ್ತಲಿನ ನಾಡನ್ನು ಸರಂಜಾಮಾಗಿ, ಅಂದರೆ ದಂಡು ಸಾಕುವ ಜಹಗೀರಾಗಿ, ಕೊಟ್ಟ.

ಮನೆತನದ ಅತಿ ದೊಡ್ಡ ಸೇನಾನಿ ರಾಮಚಂದ್ರ ಹರಿಯ ಮಗ ಪರಶುರಾಮಭಾವೂ; ಕಾಲೇಜಿಗೆ ಹೆಸರಾದ ದೊರೆ ಬೇರೆ, ಇವನು ಬೇರೆ. 1790ರಲ್ಲಿ ಬ್ರಿಟಿಷರ ಕ್ಯಾಪ್ಟನ್ ಲಿಟಲ್‌ನನ್ನು ಜತೆಗಿಟ್ಟುಕೊಂಡು ಧಾರವಾಡದ ಕೋಟೆಗೆ ಮುತ್ತಿಗೆ ಹಾಕಿದ. ಒಳಗಿದ್ದ ಟಿಪ್ಪುವಿನ ಕಿಲ್ಲೇದಾರ ಬದ್ರುಜಮಾನ್ ಖಾನ್ ಬಗ್ಗಿದ್ದು 1791ರ ಏಪ್ರಿಲ್‌ನಲ್ಲಿ. ಅದೇ ವರ್ಷ ಮರಾಠಾ ದಂಡಿನವರು ಶೃಂಗೇರಿ ಮಠವನ್ನು ಸೂರೆಗೈದರು. ವೈದಿಕ ಮನೆತನದ ಸರದಾರಿಕೆಯಲ್ಲಿದ್ದ ದಂಡಿನಿಂದ ಶಾರದೆಯ ಪೀಠಕ್ಕೆ ಇಂಥ ಗತಿ! ಲೂಟಿ ಮಾಡಿದವರು ದಂಡಿನ ಹಿಂದೆ ಬಂದ ಪುಂಡರು ಎಂಬ ಸಮಜಾಯಿಷಿ ಉಂಟು. ಆದರೆ ದಂಡು ಯಾರದೆಂಬ ಪ್ರಶ್ನೆ ಅದರಿಂದ ಮುಗಿಯುವುದಿಲ್ಲ. ನೊಂದ ಸ್ವಾಮಿಗಳಿಗೆ ಟಿಪ್ಪು ಕನ್ನಡದಲ್ಲಿ ಬರೆಸಿದ ಪತ್ರಗಳನ್ನು 1916ರಲ್ಲಿ ಮಠದಲ್ಲಿ ಪತ್ತೆಹಚ್ಚಿದವರು ಮೈಸೂರಿನ ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು. ಭಾವೂ 1799ರಲ್ಲಿ ಕೊಲ್ಹಾಪುರದವರೊಡನೆ ಕಾದುತ್ತ ಮಡಿದ.

ಆಮೇಲೆ ನಡೆದದ್ದು ಪಾಲು. ಮನೆತನದ ಚಿಂತಾಮಣರಾವ್ ಮಿರಜದಿಂದ ಬೇರೆಯಾಗಿ ಸಾಂಗಲಿ ಕಟ್ಟಿದ; ಭಾವೂನ ವಂಶದವರಿಗೆ ತಾಸಗಾಂವ, ಜಮಖಂಡಿ ಬಂದವು. ವಾರಸುದಾರರಿಲ್ಲದೆ ತಾಸಗಾಂವ 1848ರಲ್ಲಿ ಕಂಪನಿ ಸರಕಾರದ ಪಾಲಾಯಿತು. ಅಣ್ಣತಮ್ಮಂದಿರ ಈ ಹಂಚಿಕೆಯಲ್ಲಿ ಕನ್ನಡ ಊರುಗಳು ಚೂರುಚೂರಾಗಿ ಹೋದವು: ತೇರದಾಳ, ಶಿರಹಟ್ಟಿ, ಬೆಳಗಾವಿ ಬದಿಯ ಶಹಾಪುರ ಸಾಂಗಲಿಗೆ, ಲಕ್ಷ್ಮೇಶ್ವರ ಮಿರಜಕ್ಕೆ, ಹುಬ್ಬಳ್ಳಿ ಹತ್ತಿರದ ಕುಂದಗೋಳ ದೂರದ ಜಮಖಂಡಿಗೆ.

ಸಾಂಗಲಿಯ ಗಣಪತಿ ಗುಡಿ ಚಿಂತಾಮಣರಾವ್ ಕಟ್ಟಿಸಿದ್ದು. ಅವನ ಕಾಲದ ಇನ್ನೊಂದು ಸಂಗತಿ ಕನ್ನಡಿಗರಿಗೆ ಹೆಚ್ಚು ಹತ್ತಿರದ್ದು. 1842ರಲ್ಲಿ ಉತ್ತರ ಕನ್ನಡದ ಕಡೆಯ ಭಾಗವತರ ಮೇಳವೊಂದು ಸಾಂಗಲಿಗೆ ಬಂದು ಆಟ ಆಡಿತು. ನೋಡಿ ಮೆಚ್ಚಿದ ದೊರೆ, ಮರಾಠಿಯಲ್ಲೂ ಇಂಥದೊಂದು ಆಗಲೆಂದು ಆಶ್ರಿತ ವಿಷ್ಣುದಾಸ ಭಾವೆಗೆ ಹೇಳಿದ. 1843ರ ನವೆಂಬರ್ 5ರಂದು ‘ಸೀತಾಸ್ವಯಂವರ’ ರಂಗವೇರಿತು. ಮಹಾರಾಷ್ಟ್ರದಲ್ಲಿ ಈಗಲೂ ಆ ದಿನವೇ ಮರಾಠಿ ರಂಗಭೂಮಿ ದಿನ.

ಮೊದಲು ಹೇಳಿದ ಪುಣೆಯ ಎಸ್.ಪಿ. ಕಾಲೇಜು 1916ರಲ್ಲಿ ಶುರುವಾದಾಗ ಅದರ ಹೆಸರು ನ್ಯೂ ಪೂನಾ ಕಾಲೇಜು. ಜಮಖಂಡಿಯ ಶಂಕರರಾವ್ ತಂದೆ ಸರ್ ಪರಶುರಾಮಭಾವೂ ಅವರ ನೆನಪಿಗೆ 2 ಲಕ್ಷ ರೂಪಾಯಿ ಕೊಟ್ಟ ಮೇಲೆ ಹೆಸರು ಬದಲಾಯಿತು. ಆ ಸಂಸ್ಥಾನದ ಖಜಾನೆ ತುಂಬುತ್ತಿದ್ದವರು ಬಹುಪಾಲು ಕನ್ನಡದ ರೈತರು ಎಂಬುದನ್ನು ಕಾಲೇಜಿನ ಫಲಕ ಹೇಳಬೇಕಿಲ್ಲ, ನಾವು ನೆನಪಿಟ್ಟುಕೊಂಡರೆ ಸಾಕು. ತತ್ತ್ವಜ್ಞಾನಿ ಗುರುದೇವ ರಾನಡೆ ಹುಟ್ಟಿದ್ದು ಜಮಖಂಡಿಯಲ್ಲೇ. ಅದೇ ಸಂಸ್ಥಾನದ ದಿವಾನರಾಗಿದ್ದ ಬಿ.ಡಿ. ಜತ್ತಿ ಮುಂದೆ ಮೈಸೂರಿನ ಮುಖ್ಯಮಂತ್ರಿಯಾಗಿ, ದೇಶದ ಉಪರಾಷ್ಟ್ರಪತಿಯೂ ಆದರು.

1948ರಲ್ಲಿ ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರಲ್ಲಿ ಜಮಖಂಡಿ, ಕುಂದಗೋಳ ಮೈಸೂರು ರಾಜ್ಯಕ್ಕೆ ಸೇರಿದವು. ಅದೇ ಕುಂದಗೋಳದಲ್ಲಿ 1886ರಲ್ಲಿ ಹುಟ್ಟಿದ ಹಿಂದೂಸ್ತಾನಿ ಗಾಯಕ ರಾಮಭಾವೂ, ಅಂದರೆ ಸವಾಯಿ ಗಂಧರ್ವರು, ಕೊನೆಯುಸಿರೆಳೆದದ್ದು 1952ರಲ್ಲಿ ಪುಣೆಯಲ್ಲಿ. ಶಿಷ್ಯ ಭೀಮಸೇನ ಜೋಶಿ ಗುರುವಿನ ಹೆಸರಿನಲ್ಲಿ ಮರುವರ್ಷ ಆರಂಭಿಸಿದ ಸಂಗೀತೋತ್ಸವಕ್ಕೆ ಪುಣೆಯವರು ಇಂದಿಗೂ ‘ಸವಾಯಿ’ ಎಂದೇ ಹೇಳುತ್ತಾರೆ.