ಮೀನಲ್ಲದ ಮೀನು ಮತ್ತು ಎಲ್ಗಿನ್ ಮರಳುಗಲ್ಲು

ಸ್ಕಾಟ್ಲೆಂಡಿನ ಈಶಾನ್ಯದಲ್ಲಿರುವ ಎಲ್ಗಿನ್ ಪಟ್ಟಣದ ಸುತ್ತ ಮನೆ ಕಟ್ಟಲು ಮರಳುಗಲ್ಲು ತೆಗೆಯುತ್ತಿದ್ದರು. ಅಲ್ಲಿ ಸಿಕ್ಕ ಹುರುಪೆಗಳ ಅಚ್ಚನ್ನು ನೋಡಿ, 1844ರಲ್ಲಿ ಲೂಯಿ ಅಗಾಸಿ ಅದು ಮೀನೆಂದು ತೀರ್ಮಾನಿಸಿ ‘ಸ್ಟಾಗನೊಲೆಪಿಸ್’ ಎಂದು ಹೆಸರಿಟ್ಟ. ಮೀನಿನ ಪಳೆಯುಳಿಕೆಗಳಿಗೆ ಆಗ ಅವನದೇ ಕೊನೆಯ ಮಾತು. ಪಕ್ಕದಲ್ಲೇ ನಿಜವಾದ ಮೀನುಗಳಿದ್ದ ಡೆವೋನಿಯನ್ ಯುಗದ ಕಲ್ಲೂ ಇತ್ತು. ಹೀಗಾಗಿ ಎರಡೂ ಒಂದೇ ಕಾಲದವು ಎಂಬ ನಂಬಿಕೆ ಗಟ್ಟಿಯಾಯಿತು.

1851ರಲ್ಲಿ ಸ್ಪೈನಿಯ ಕಲ್ಲುಗಣಿಯಲ್ಲಿ ಹಲ್ಲಿಯಂಥ ಸಣ್ಣ ಸರೀಸೃಪವೊಂದು ಸಿಕ್ಕಿತು. ಕಲ್ಲು ಡೆವೋನಿಯನ್ ಆಗಿದ್ದರೆ, ಮೀನುಗಳ ಯುಗದಲ್ಲೇ ನೆಲದ ಮೇಲೆ ಸರೀಸೃಪ ಓಡಾಡಿತ್ತು ಎಂದಾಗುತ್ತದೆ. ಜೀವಜಾತಿಗಳು ಒಂದಾದ ಮೇಲೊಂದು ಬಂದವೆಂಬ ಲೆಕ್ಕವೇ ತಪ್ಪಬೇಕು. ಆ ಲೆಕ್ಕವನ್ನು ಒಪ್ಪದಿದ್ದ ಚಾರ್ಲ್ಸ್ ಲಯೆಲ್‌ಗೆ ಇದು ಒಳ್ಳೆಯ ಸಾಕ್ಷಿಯಾಯಿತು.

ಸಾಕ್ಷಿಯನ್ನು ಓದುವುದೇ ಕಷ್ಟವಿತ್ತು. ಈ ಕಲ್ಲಿನ ಬಹುತೇಕ ಮೂಳೆಗಳು ಕರಗಿಹೋಗಿ, ಅವುಗಳ ಆಕಾರದ ಟೊಳ್ಳು ಮಾತ್ರ ಉಳಿದಿದೆ. ಅದರೊಳಗೆ ಎರಕ ಹೊಯ್ದು ತೆಗೆದರಷ್ಟೇ ಮೂಳೆಯ ರೂಪ ಕಾಣುತ್ತದೆ. ಇಂದು ಸಿ.ಟಿ. ಸ್ಕ್ಯಾನ್ ಆ ಕೆಲಸ ಮಾಡುತ್ತಿದೆ.

1859ರಲ್ಲಿ ಥಾಮಸ್ ಹಕ್ಸ್ಲಿ ಇನ್ನಷ್ಟು ತುಣುಕುಗಳನ್ನು ಜೋಡಿಸಿ, ಸ್ಟಾಗನೊಲೆಪಿಸ್ ಮೀನಲ್ಲ, ಮೊಸಳೆಯನ್ನು ಹೋಲುವ ಸರೀಸೃಪ ಎಂದು ತೋರಿಸಿದ. ಜೊತೆಗೆ ಲಾಸಿಮೌತ್‌ನಲ್ಲಿ ದೊರೆತ, ಕೊಕ್ಕಿನಂಥ ಬಾಯಿಯ ‘ಹೈಪರೊಡಪೆಡಾನ್’ ಅನ್ನು ವಿವರಿಸಿದ. ಅದರ ಹತ್ತಿರದ ನೆಂಟ ಇಂಗ್ಲೆಂಡಿನ ಟ್ರಯಾಸಿಕ್ ಕಲ್ಲಿನಲ್ಲಿತ್ತು. ಆದರೂ ಕ್ಷೇತ್ರದಲ್ಲಿ ಎರಡು ಕಲ್ಲುಗಳ ನಡುವಿನ ಗಡಿ ಕಣ್ಣಿಗೆ ಸ್ಪಷ್ಟವಾಗಿ ಕಾಣದ್ದರಿಂದ, ಡೆವೋನಿಯನ್ ಪಕ್ಷದ ರಾಡೆರಿಕ್ ಮರ್ಚಿಸನ್‌ನಂಥವರು ಒಪ್ಪಲು ವರ್ಷಗಳೇ ಹಿಡಿದವು. ಲಾಸಿಮೌತ್‌ನ ಕಲ್ಲು ಸುಮಾರು 23 ಕೋಟಿ ವರ್ಷ ಹಿಂದಿನ ಮರುಭೂಮಿಯ ಮರಳುದಿಬ್ಬ ಎಂಬುದು ಈಗ ಖಚಿತ. ಪಕ್ಕದ ಮೀನಿನ ಕಲ್ಲು ಅದಕ್ಕಿಂತ ಹತ್ತು ಕೋಟಿ ವರ್ಷಕ್ಕೂ ಹೆಚ್ಚು ಹಳೆಯದು.

ಈ ಕಥೆಯ ಮುಂದಿನ ಕೊಂಡಿ ಗೋದಾವರಿ ಕಣಿವೆಯಲ್ಲಿದೆ. ಇಂದಿನ ತೆಲಂಗಾಣದ ಮಲೇರಿ ಎಂಬಲ್ಲಿನ ಕೆಂಪು ಜೇಡಿ ಮತ್ತು ಮರಳುಗಲ್ಲಿನ ಪದರಗಳಲ್ಲಿ ಸಿಕ್ಕ ಪಳೆಯುಳಿಕೆಗಳಲ್ಲೂ ಹೈಪರೊಡಪೆಡಾನ್ ಇದೆಯೆಂದು 1869ರಲ್ಲಿ ಹಕ್ಸ್ಲಿ ಗುರುತಿಸಿದ. ಮುಂದೆ ಮಲೇರಿಯ ಪ್ರಾಣಿಗೆ ಹಕ್ಸ್ಲಿಯ ಹೆಸರೇ ಬಂತು: ‘ಹೈಪರೊಡಪೆಡಾನ್ ಹಕ್ಸ್ಲಿಯೈ’. ಸ್ಕಾಟ್ಲೆಂಡಿಗೂ ಗೋದಾವರಿಗೂ ಒಂದೇ ಪ್ರಾಣಿಕುಲ ಹೇಗೆ ಬಂತು ಎಂಬುದಕ್ಕೆ ಅವನ ಕಾಲದಲ್ಲಿ ಸರಿಯಾದ ಉತ್ತರವಿರಲಿಲ್ಲ. ಆಗ ಭೂಮಿಯ ಖಂಡಗಳೆಲ್ಲ ಪ್ಯಾಂಜಿಯಾ ಎಂಬ ಒಂದೇ ನೆಲವಾಗಿದ್ದವು. ನಡೆದೇ ಹರಡಲು ದಾರಿಯಿತ್ತು.

ಕಲ್ಲಿನ ಬಣ್ಣ, ಪದರ, ನೆರೆಹೊರೆ ಎಲ್ಲವೂ ಎಲ್ಗಿನ್‌ನಲ್ಲಿ ದಾರಿ ತಪ್ಪಿಸಿದ್ದವು. ಅದರ ವಯಸ್ಸು ಹೇಳಿದ್ದು ಕರಗಿಹೋದ ಮೂಳೆಗಳು ಬಿಟ್ಟುಹೋದ ಖಾಲಿ ಜಾಗ.