ಪರಂಗಿಮಲೈ ಬುಡದಲ್ಲಿ ಒಂದು ಒಪ್ಪಂದ: ಮೈಸೂರು ನೆರೆಯವರನ್ನು ಕಳೆದುಕೊಂಡ ಕಥೆ

ಚೆನ್ನೈ ವಿಮಾನ ನಿಲ್ದಾಣದ ಹತ್ತಿರ ಒಂದು ಪುಟ್ಟ ಬೆಟ್ಟವಿದೆ. ತಮಿಳರು ಪರಂಗಿಮಲೈ ಅಂತಾರೆ, ಇಂಗ್ಲಿಷರು ಸೇಂಟ್ ಥಾಮಸ್ ಮೌಂಟ್ ಅಂದರು. 1769ರಲ್ಲಿ ಹೈದರ್ ಅಲಿ ಸುಮಾರು 6000 ಕುದುರೆ ಸವಾರರ ಜೊತೆ ಇಲ್ಲಿಯವರೆಗೆ ಬಂದುಬಿಟ್ಟಿದ್ದರು. ಕೋಟೆಯೊಳಗಿದ್ದ ಕಂಪೆನಿ ಅಧಿಕಾರಿಗಳು ಗಾಬರಿಯಾಗಿ ಮಾತುಕತೆಗೆ ಜನ ಕಳಿಸಿದರು. ಗೆದ್ದ ಜಾಗಗಳನ್ನು ಪರಸ್ಪರ ಬಿಟ್ಟುಕೊಡಬೇಕು, ಒಬ್ಬರ ಮೇಲೆ ಯಾರಾದರೂ ಬಿದ್ದರೆ ಇನ್ನೊಬ್ಬರು ನೆರವಿಗೆ ಬರಬೇಕು ಎಂದು ಒಪ್ಪಂದವಾಯಿತು. ಅಂದು ಮದ್ರಾಸಿಗೆ ಷರತ್ತು ಹಾಕಿದ್ದು ಮೈಸೂರು.

ಕೇವಲ 23 ವರ್ಷ ಕಳೆಯಲಿ. 1792ರಲ್ಲಿ ಅದೇ ಮದ್ರಾಸಿಗೆ ಟಿಪ್ಪು ಸುಲ್ತಾನರ ಇಬ್ಬರು ಚಿಕ್ಕ ಮಕ್ಕಳು ಒತ್ತೆಯಾಳುಗಳಾಗಿ ಬಂದರು. ಅರ್ಧ ರಾಜ್ಯ ಹೋಗಿತ್ತು, 3 ಕೋಟಿ 30 ಲಕ್ಷ ರೂಪಾಯಿ ದಂಡ ಬಿದ್ದಿತ್ತು. ನಡುವೆ ಆದದ್ದೇನು?

ಕಂಪೆನಿಯ ಕಪಟ ಅಂತ ನಾವು ಥಟ್ಟನೆ ಹೇಳಿಬಿಡುತ್ತೇವೆ. ಅದು ಸುಳ್ಳಲ್ಲ. ಮರಾಠರು ಮೈಸೂರಿನ ಮೇಲೆ ನುಗ್ಗಿದಾಗ ಕಂಪೆನಿ ಕೊಟ್ಟ ಮಾತಿನಂತೆ ನೆರವಿಗೆ ಬರಲೇ ಇಲ್ಲ. ಆದರೆ ಅದಷ್ಟೇ ಪೂರ್ತಿ ಉತ್ತರವಲ್ಲ. ನೆರೆಯವರ ಕಡೆಗೂ ಸ್ವಲ್ಪ ನೋಡಬೇಕು.

1780ರಲ್ಲಿ ಹೈದರ್, ಪುಣೆಯ ಮರಾಠರು, ಹೈದರಾಬಾದಿನ ನಿಜಾಮರು, ಈ ಮೂವರೂ ಕಂಪೆನಿಯ ವಿರುದ್ಧ ಒಂದಾಗಿದ್ದರು. ಆ ವರ್ಷ ಸೆಪ್ಟೆಂಬರ್‌ನಲ್ಲಿ ಕಾಂಚೀಪುರದ ಬಳಿಯ ಪೊಲ್ಲಿಲೂರಿನಲ್ಲಿ ಕಂಪೆನಿ ಸೇನೆ ನುಚ್ಚುನೂರಾಯಿತು. ಸರಿಯಾಗಿ ಹತ್ತು ವರ್ಷಕ್ಕೆ, 1790ರಲ್ಲಿ, ಅದೇ ಮರಾಠರು ಮತ್ತು ಅದೇ ನಿಜಾಮರು ಕಂಪೆನಿಯ ಜೊತೆ ಸೇರಿ ಮೈಸೂರಿನ ಮೇಲೆ ಬಂದರು.

ಆ ಹತ್ತು ವರ್ಷಗಳಲ್ಲಿ ನಡೆದದ್ದನ್ನು ಗಮನಿಸಿ. ನರಗುಂದ, ಕಿತ್ತೂರುಗಳ ವಿಚಾರದಲ್ಲಿ ಮರಾಠರೊಂದಿಗೆ ಯುದ್ಧ. ನಿಜಾಮರ ಆದವಾನಿಗೆ ಮುತ್ತಿಗೆ. ಸುಲ್ತಾನರು ಪಾದಶಾಹ ಬಿರುದು ಧರಿಸಿದ್ದು ಹೈದರಾಬಾದಿಗೆ ಹಿಡಿಸಲಿಲ್ಲ. ಕೊಡಗಿನಲ್ಲಿ ದಂಗೆ, ಅದಕ್ಕೆ ಉತ್ತರವಾಗಿ ಸೆರೆ ಮತ್ತು ಗಡೀಪಾರು. ಸೆರೆಯಿಂದ ತಪ್ಪಿಸಿಕೊಂಡ ದೊಡ್ಡ ವೀರರಾಜೇಂದ್ರರು 1790ರಲ್ಲಿ ಕಂಪೆನಿಯ ಕೈ ಹಿಡಿದರು. 1789ರ ಕೊನೆಯಲ್ಲಿ ತಿರುವಾಂಕೂರಿನ ಗಡಿಗೋಡೆಯ ಮೇಲೆ ದಾಳಿಯಾಯಿತು. ಯುದ್ಧಕ್ಕೆ ಕಂಪೆನಿಗೆ ಬೇಕಿದ್ದ ನೆಪ ಸಿಕ್ಕಿತು. ಕೊಚ್ಚಿಯೂ ಕೈಬಿಟ್ಟಿತು.

ಇದನ್ನು ಹಿಂದೂ-ಮುಸ್ಲಿಂ ಜಗಳ ಅಂತ ಓದುವವರು ಒಂದು ಕ್ಷಣ ನಿಲ್ಲಬೇಕು. ನಿಜಾಮರು ಯಾರು? ಮದ್ರಾಸಿನ ಚೇಪಾಕ್ ಅರಮನೆಯಲ್ಲಿದ್ದು, ಮೊದಲಿನಿಂದಲೂ ಕಂಪೆನಿಯ ಪಕ್ಷದಲ್ಲಿದ್ದ ಆರ್ಕಾಟಿನ ನವಾಬ ಮುಹಮ್ಮದ್ ಅಲಿ ವಾಲಾಜಾ ಯಾರು? ಟ್ರಿಪ್ಲಿಕೇನಿನ ದೊಡ್ಡ ಮಸೀದಿಗೆ ಇವತ್ತಿಗೂ ಇರುವುದು ಅವರದೇ ಹೆಸರು. ನೆರೆಯವರು ಲೆಕ್ಕ ಹಾಕಿದ್ದು ಧರ್ಮವನ್ನಲ್ಲ, ಭಯವನ್ನು. ಪಕ್ಕದ ಶ್ರೀರಂಗಪಟ್ಟಣಕ್ಕಿಂತ ಸಮುದ್ರದಾಚೆಯಿಂದ ಬಂದ ವ್ಯಾಪಾರಿಯೇ ವಾಸಿ ಅಂತ ಅವರಿಗೆ ಕಂಡಿತು.

1799ರಲ್ಲಿ ಕಂಪೆನಿಯ ದೊಡ್ಡ ಸೇನೆ ಮದ್ರಾಸಿನ ಕಡೆಯಿಂದ ಹೊರಟಿತು, ನಿಜಾಮರ ಸೈನ್ಯ ಜೊತೆಗೂಡಿತು. ಮುಂಬೈ ಸೇನೆ ಕೊಡಗಿನ ದಾರಿಯಲ್ಲಿ ಇಳಿಯಿತು. ಮೈಸೂರಿನ ಪರ ಬಂದ ನೆರೆಯವನು ಒಬ್ಬನೂ ಇರಲಿಲ್ಲ. ಮೇ 4ರಂದು ಸುಲ್ತಾನರು ಕೋಟೆಯಲ್ಲಿ ಹೋರಾಡುತ್ತಲೇ ಶಹೀದರಾದರು. ಅವರ ಶೌರ್ಯದ ಬಗ್ಗೆ ಶತ್ರುಗಳಿಗೂ ಅನುಮಾನವಿರಲಿಲ್ಲ. ಆದರೆ ಶೌರ್ಯವೊಂದೇ ನೆರೆಹೊರೆಯನ್ನು ಉಳಿಸಿಕೊಡೋದಿಲ್ಲ.

ಹಾಗಾದರೆ ನೆರೆಯವರ ಲೆಕ್ಕ ಸರಿಯಿತ್ತೇ? ಅದೂ ಇಲ್ಲ. ಮೈಸೂರಿನಿಂದ ಪಾಲಿಗೆ ಬಂದಿದ್ದ ಬಳ್ಳಾರಿ, ಅನಂತಪುರ ಸೀಮೆಗಳನ್ನು ನಿಜಾಮರು 1800ರಲ್ಲೇ ಕಂಪೆನಿಗೆ ಒಪ್ಪಿಸಬೇಕಾಯಿತು. ಅವರ ರಾಜ್ಯದಲ್ಲಿದ್ದ ಕಂಪೆನಿ ಪಡೆಯ ಖರ್ಚಿಗಾಗಿ! 1801ರಲ್ಲಿ ವಾಲಾಜಾ ಮನೆತನದ ಆಡಳಿತ ಹೋಯಿತು. 1818ರಲ್ಲಿ ಪೇಶ್ವೆಯವರ ರಾಜ್ಯ, 1834ರಲ್ಲಿ ಕೊಡಗು. ಮೈಸೂರಿನ ಪ್ರಭಾವ ಕುಗ್ಗಿದ ಜಾಗದಲ್ಲಿ ನೆರೆಯವರು ಬೆಳೆಯಲಿಲ್ಲ, ಮದ್ರಾಸು ಬೆಳೆಯಿತು. ಬಳ್ಳಾರಿ 1953ರವರೆಗೆ, ಮಂಗಳೂರು ಮತ್ತು ಕಾಸರಗೋಡು 1956ರವರೆಗೆ ಮದ್ರಾಸಿನ ಆಡಳಿತದಲ್ಲಿ ಉಳಿದದ್ದರ ಬೇರು ಇಲ್ಲಿದೆ.

ಇಂದು ಟಿಪ್ಪು ಅಂದ ಕೂಡಲೇ ಒಂದು ಕಡೆ ಬೈಗುಳ, ಇನ್ನೊಂದು ಕಡೆ ಹೊಗಳಿಕೆ. ಬೈಗುಳಕ್ಕೆ ಉತ್ತರ ಕೊಡುವ ಆತುರದಲ್ಲಿ ನಮ್ಮ ಹುಡುಗರು ಕೊಡಗಿನ, ಮಲಬಾರಿನ ನೋವನ್ನು ಇಲ್ಲವೆಂದು ಸಾಧಿಸಬೇಕಾಗಿಲ್ಲ. ಆ ನೋವನ್ನೂ ಓದಿ, ಸುಲ್ತಾನರನ್ನೂ ಗೌರವಿಸಬಹುದು. ದೊಡ್ಡ ಮನೆಯವನು ಪಕ್ಕದ ಮನೆಯವರನ್ನು ಹೆದರಿಸಿ ಇಟ್ಟುಕೊಂಡರೆ, ಕಳ್ಳ ಬಂದ ರಾತ್ರಿ ಯಾರೂ ಬಾಗಿಲು ತೆರೆಯೋದಿಲ್ಲ. ಆಮೇಲೆ ಕಳ್ಳ ಅವರ ಮನೆಗೂ ಹೋಗುತ್ತಾನೆ. ದೇಶಗಳಿಗೂ ಈ ಮಾತು ಅನ್ವಯಿಸುತ್ತದೆ, ಅಲ್ಲವೇ?