ಛಾವಣಿಯಿಂದ ಮಿರಜಿಗೆ ಬರೆದ ಕಾಗದಗಳು

ಮಿರಜ ಹೈಸ್ಕೂಲಿನಲ್ಲಿ ಸಂಸ್ಕೃತ ಹೇಳಿಕೊಡುತ್ತಿದ್ದ ವಾಸುದೇವಶಾಸ್ತ್ರಿ ಖರೆ 1897ರಲ್ಲಿ ದೊಡ್ಡದೊಂದು ಕೆಲಸಕ್ಕೆ ಕೈಹಾಕಿದರು. ಊರಿನ ಸಂಸ್ಥಾನಿಕರಾದ ಪಟವರ್ಧನರ ಮನೆತನದಲ್ಲಿ ನೂರು ವರ್ಷಗಳಿಂದ ಗಂಟು ಕಟ್ಟಿಟ್ಟಿದ್ದ ಮೋಡಿ ಲಿಪಿಯ ಮರಾಠಿ ಕಾಗದಗಳನ್ನು ಬಿಚ್ಚಿ, ಓದಿ, ಕಾಲಕ್ರಮಕ್ಕೆ ಹೊಂದಿಸಿ 'ಐತಿಹಾಸಿಕ ಲೇಖಸಂಗ್ರಹ' ಎಂಬ ಹೆಸರಿನಲ್ಲಿ ಅಚ್ಚುಹಾಕಿಸತೊಡಗಿದರು. 1924ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ಬಿಡಲಿಲ್ಲ. ಅಷ್ಟರಲ್ಲಿ ಸಂಪುಟಗಳ ಸಂಖ್ಯೆ ಹತ್ತನ್ನು ದಾಟಿತ್ತು. ಮರಾಠಿ ಇತಿಹಾಸಕಾರರಿಗೆ ಈ ಸಂಪುಟಗಳು ಕೈಹೊತ್ತಿಗೆ. ಕನ್ನಡಿಗರು ಇವನ್ನು ಸಾಮಾನ್ಯವಾಗಿ ಪರಕೀಯರ ಯುದ್ಧದ ವರದಿಯೆಂದು ಬದಿಗಿಡುತ್ತಾರೆ, ಇಲ್ಲವೇ ಅಡಿಟಿಪ್ಪಣಿಯಲ್ಲಿ ನೆನೆದು ಮುಂದೆ ಹೋಗುತ್ತಾರೆ. ಈ ಎರಡೂ ಅನ್ಯಾಯ. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಕೃಷ್ಣೆಯಿಂದ ಕಾವೇರಿಯವರೆಗಿನ ನಾಡಿನಲ್ಲಿ ಏನು ನಡೆಯಿತೆಂಬುದನ್ನು, ಅದು ನಡೆಯುತ್ತಿರುವಾಗಲೇ, ಬರೆದಿಟ್ಟ ದಿನಚರಿ ಇದು. ಈ ದಿನಚರಿ ಇಷ್ಟು ಕಾಲ ನಿಲ್ಲದೆ ಸಾಗಿದ್ದಕ್ಕೆ ಕಾರಣ ಅದನ್ನು ಓದಲು ಕಾದಿದ್ದ ಬಳಗ. ಒಂಟಿಯಾಗಿ ಕೂತು ತನಗಾಗಿ ಬರೆದುಕೊಳ್ಳುವುದೇ ದಿನಚರಿಯ ನಿಜರೂಪ, ಉಳಿದದ್ದೆಲ್ಲ ಬರೀ ಸಮಾಚಾರ ಎಂಬ ಮಾತನ್ನು ಈ ಕಾಗದಗಳ ಎದುರು ನಿಂತು ಹೇಳುವುದು ಕಷ್ಟ.

ಬರವಣಿಗೆಯ ಈ ರೂಢಿ ಬೆಳೆದದ್ದು ಅಗತ್ಯದಿಂದ. ಕೊಂಕಣದ ಕೋತವಡೆಯಿಂದ ಬಂದ ಹರಭಟ ಎಂಬ ಪುರೋಹಿತ ಇಚಲಕರಂಜಿಯ ಘೋರ್ಪಡೆಯವರ ಆಶ್ರಯದಲ್ಲಿ ನೆಲೆಯೂರಿದ. ಅವನ ಮಕ್ಕಳು ಪೂಜೆಯ ತಟ್ಟೆ ಬಿಟ್ಟು ಕತ್ತಿ ಹಿಡಿದರು. ಪೇಶ್ವೆ ಮಾಧವರಾಯ ಅಧಿಕಾರಕ್ಕೆ ಬಂದ ಮೇಲೆ ದಕ್ಷಿಣದ ಗಡಿ ಕಾಯುವ ಹೊಣೆ ಪಟವರ್ಧನರ ಮೇಲೆ ಬಿತ್ತು, ಮಿರಜು ಆ ಹೊಣೆಯ ಕೇಂದ್ರವಾಯಿತು. ಹೈದರಾಲಿಯ ಬಲ ಏರುತ್ತಿದ್ದ ಕಾಲ ಅದು. 1764ರ ರಟ್ಟೀಹಳ್ಳಿಯ ಕಾಳಗದಿಂದ 1770ರ ನಿಜಗಲ್ಲಿನ ಮುತ್ತಿಗೆಯವರೆಗೆ ಮತ್ತೆಮತ್ತೆ ದಂಡು ದಕ್ಷಿಣಕ್ಕೆ ಇಳಿಯಿತು. ಗಂಡಸರು ತಿಂಗಳುಗಟ್ಟಲೆ ಛಾವಣಿಯಲ್ಲಿ. ಮನೆತನದ ಹಿರಿಯ ಗೋವಿಂದ ಹರಿ ಮಿರಜಿನಲ್ಲಿ. ಆಜ್ಞೆ ಮತ್ತು ಹಣ ಬರಬೇಕಾದದ್ದು ಪುಣೆಯಿಂದ. ಈ ಮೂರು ಮೂಲೆಗಳ ನಡುವೆ ಕಾಸೀದರೂ ಹರಿಕಾರರೂ ಓಡಾಡುತ್ತಲೇ ಇದ್ದರು. ಕಾಗದ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 1791ರ ಮೇ ತಿಂಗಳೇ ಸಾಕ್ಷಿ. ಪರಶುರಾಮಭಾವು ಪಟವರ್ಧನ ಮತ್ತು ಹರಿಪಂತ ಫಡಕೆಯ ದಂಡು ಹತ್ತಿರ ಬಂದಿದೆ ಎಂಬ ಸುದ್ದಿಯನ್ನು ಟಿಪ್ಪುವಿನ ಸವಾರರು ಮರಾಠರ ಮಿತ್ರನಾಗಿದ್ದ ಇಂಗ್ಲಿಷ್ ಸೇನಾಪತಿ ಕಾರ್ನ್‌ವಾಲಿಸನಿಗೆ ಮುಟ್ಟಗೊಡಲಿಲ್ಲ. ಮೇವೂ ದವಸವೂ ತೀರಿ, ಎಳೆಯಲು ಎತ್ತುಗಳಿಲ್ಲದೆ, ಅವನು ಶ್ರೀರಂಗಪಟ್ಟಣದ ಮುಂದೆ ತನ್ನ ಭಾರಿ ತೋಪುಗಳನ್ನು ತಾನೇ ಹಾಳುಮಾಡಿ ಹಿಂದಿರುಗಿದ. ಕೆಲವೇ ದಿನಗಳಲ್ಲಿ ಮರಾಠರ ದಂಡು ಎದುರಿಗೇ ಬಂತು.

ಈ ಕಾಗದಗಳನ್ನು ಶುರುಮಾಡುವುದು ಯಾರಿಗೂ ಕಷ್ಟವಾಗಿರಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಮೇಲೆ ಶ್ರೀಕಾರ, ಆಮೇಲೆ ಓದುವವರ ಮಾನಕ್ಕೆ ತಕ್ಕ ಸಂಬೋಧನೆ, ಹಿರಿಯರಿಗೆ ತೀರ್ಥರೂಪ, ಕಿರಿಯರಿಗೆ ಚಿರಂಜೀವ, ಸಾಷ್ಟಾಂಗ ನಮಸ್ಕಾರ, ಇಲ್ಲಿ ಕ್ಷೇಮ, ಅಲ್ಲಿಯ ಕ್ಷೇಮ ತಿಳಿಸುವುದು, ಅಷ್ಟು ಮುಗಿದ ಮೇಲೆ ವಿಶೇಷ. ಉಭಯ ಕುಶಲೋಪರಿಯಿಂದ ಕಾಗದ ಆರಂಭಿಸಿದ ಕನ್ನಡಿಗರಿಗೆ ಈ ಏರ್ಪಾಡು ಹೊಸದಲ್ಲ. ಎರಡೂ ಒಂದೇ ಪಾಠಶಾಲೆಯ ಮಕ್ಕಳು. ಇಂಥ ಸಿದ್ಧ ಮಾತುಗಳನ್ನು ನಾವು ಇಂದು ಹುರುಳಿಲ್ಲದ ಉಪಚಾರವೆಂದು ತಳ್ಳಿಹಾಕುತ್ತೇವೆ. ಆದರೆ ಬರೆಯುವವನನ್ನು ಮೊದಲ ವಾಕ್ಯದ ಅಂಜಿಕೆಯಿಂದ ಪಾರುಮಾಡಿದ್ದು ಇದೇ ಉಪಚಾರ. ಲೇಖಣಿ ಆಗಲೇ ನಾಲ್ಕು ಸಾಲು ಓಡಿರುತ್ತಿತ್ತು, ಮಸಿ ಹರಿದಿರುತ್ತಿತ್ತು. ವಿಶೇಷಕ್ಕೆ ಬರುವ ಹೊತ್ತಿಗೆ ಕೈ ಪಳಗಿರುತ್ತಿತ್ತು. ಆಮೇಲೆ ಏನು ಬೇಕಾದರೂ ಬರಬಹುದು: ಇಂದು ಎಷ್ಟು ಹರದಾರಿ ನಡೆದೆವು, ಹೊಳೆ ಇಳಿದಿದೆಯೋ ಇಲ್ಲವೋ, ಸವಾರರ ಸಂಬಳ ಎಷ್ಟು ಬಾಕಿ, ಸಾಹುಕಾರ ಏನೆಂದ, ಯಾರಿಗೆ ಜ್ವರ. ಎಲ್ಲರ ಎದುರು ಓದಬಾರದ ಮಾತಿದ್ದರೆ ಅದಕ್ಕೆ ಬೇರೆಯೇ ಒಂದು ಪುರವಣಿ. ಯಾವುದು ಬಳಗಕ್ಕೆ, ಯಾವುದು ಒಬ್ಬರಿಗೆ ಎಂಬ ಎಣಿಕೆ ಆಗಲೇ ಇಷ್ಟು ಪಕ್ವವಾಗಿತ್ತು. ಮುಖ್ಯ ಕಾಗದ ಒಬ್ಬರ ಹೆಸರಿಗೆ ಬಂದರೂ ಅದರ ಸುದ್ದಿ ಒಬ್ಬರಲ್ಲೇ ಉಳಿಯುತ್ತಿರಲಿಲ್ಲ; ನಕಲು ಇಳಿಸಿ ಮುಂದಕ್ಕೆ ಕಳಿಸುವುದು ರೂಢಿಯಲ್ಲಿತ್ತು.

ಓದುಗರ ಬಳಗ ಎಷ್ಟು ಹತ್ತಿರದ್ದು ಎಂಬುದಕ್ಕೆ ಗಟ್ಟಿಯಾದ ಪುರಾವೆ ಕಾಗದದಲ್ಲಿ ಇರುವುದಕ್ಕಿಂತ ಇಲ್ಲದಿರುವುದರಲ್ಲಿದೆ. ಆ ಕಾಲದ ಬಹುಪಾಲು ಮರಾಠಿ ಪತ್ರಗಳಲ್ಲಿ ತಿಥಿ ಉಂಟು, ಇಲ್ಲವೇ ಮುಸಲ್ಮಾನೀ ತಿಂಗಳ ಚಂದ್ರನ ಲೆಕ್ಕ ಉಂಟು. ವರ್ಷ ಮಾತ್ರ ಇರುವುದಿಲ್ಲ. ಯಾವ ವರ್ಷವೆಂದು ಓದುವವನಿಗೆ ಗೊತ್ತಿರುವಾಗ ಬರೆಯುವುದೇಕೆ? ಹೆಸರುಗಳೂ ಹಾಗೆಯೇ: ದಾದಾ, ಭಾವು, ತಾತ್ಯಾ, ಅಪ್ಪಾ, ಬಾಪು. ಅಡ್ಡಹೆಸರಿಲ್ಲ, ಪದವಿಯಿಲ್ಲ, ಪರಿಚಯವಿಲ್ಲ. ಯಾವ ದಾದಾ, ಯಾವ ವರ್ಷದ ಶ್ರಾವಣ ಎಂದು ಗೊತ್ತುಮಾಡುವುದರಲ್ಲೇ ಖರೆಯವರ ಬಾಳಿನ ಬಹುಭಾಗ ಸವೆಯಿತು. ಕಾಗದಗಳ ನಡುವೆ ತಾವೇ ಕಥಾಸೂತ್ರ ಬರೆದು ಜೋಡಿಸದಿದ್ದರೆ ಹೊರಗಿನವರಿಗೆ ಅವು ಅರ್ಥವಾಗುತ್ತಲೇ ಇರಲಿಲ್ಲ. ಮುಂದಿನ ಪೀಳಿಗೆಗೆಂದು ಬರೆದವನು ವರ್ಷವನ್ನು ಬಿಡುವುದಿಲ್ಲ. ಇವರು ಬರೆದದ್ದು ಅಟ್ಟದ ಮೇಲಿನ ಪೆಟ್ಟಿಗೆಗೂ ಅಲ್ಲ, ಚರಿತ್ರೆಗೂ ಅಲ್ಲ. ನಾಳೆ ಉತ್ತರ ಬರೆಯಬೇಕಾದ ತಮ್ಮವರಿಗೆ.

ಇದೇ ಕಾಲದಲ್ಲಿ ತನಗಾಗಿ ಮಾತ್ರ ಬರೆದುಕೊಂಡವರೂ ಇದ್ದರು. ಟಿಪ್ಪು ಸುಲ್ತಾನ ತನ್ನ ಕನಸುಗಳನ್ನು ಸ್ವಂತ ಕೈಬರಹದ ಫಾರ್ಸಿಯಲ್ಲಿ ಗುಟ್ಟಾಗಿ ದಾಖಲಿಸಿದ್ದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅರಮನೆಯಲ್ಲಿ ಆ ಪುಸ್ತಕ ಸಿಕ್ಕಿತು. ಅದರಲ್ಲಿರುವುದು 37 ಕನಸುಗಳು, ಹರಡಿರುವುದು ಹದಿಮೂರು ವರ್ಷಗಳ ಮೇಲೆ. ಒಬ್ಬ ದೊರೆಯ ಮನಸ್ಸಿನೊಳಕ್ಕೆ ಅಂಥ ಕಿಂಡಿ ಬೇರೆಲ್ಲೂ ಸಿಗದು, ಒಪ್ಪಬೇಕು. ಆದರೆ ಮೂವತ್ತೇಳು ನಮೂದುಗಳನ್ನು ಹದಿಮೂರು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಮೂರೂ ಬೀಳುವುದಿಲ್ಲ. ಪಟವರ್ಧನರ ಛಾವಣಿಯಿಂದ ಕಾಗದ ಹೋಗದೆ ಅಷ್ಟು ದಿನ ಕಳೆದಿದ್ದರೆ ಮಿರಜಿನಿಂದ ಆಳು ಓಡಿಬರುತ್ತಿದ್ದ. ಪುದುಚೇರಿಯ ಆನಂದರಂಗ ಪಿಳ್ಳೆ 1736ರಿಂದ 1761ರವರೆಗೆ ತಮಿಳಿನಲ್ಲಿ ಬರೆದ ದಿನಚರಿ ಇದಕ್ಕೆ ದೊಡ್ಡ ಅಪವಾದವೆಂದು ಯಾರಾದರೂ ಹೇಳಬಹುದು. ಹೌದು, ಆತ ಒಬ್ಬನೇ ಕಾಲು ಶತಮಾನ ಬರೆದ. ಅಂಥವರು ಶತಮಾನಕ್ಕೊಬ್ಬರು. ಸಾಧಾರಣ ಬುದ್ಧಿಯ, ಸಾಧಾರಣ ಶ್ರದ್ಧೆಯ ಕಾರಕೂನರಿಂದ ನಾಲ್ಕು ದಶಕದ ದಿನಚರಿ ಬರೆಸಬಲ್ಲದ್ದು ಎದುರಿಗಿರುವ ಓದುಗರ ಒತ್ತಾಯ ಮಾತ್ರ.

ದಿನದಿನದ ಬರಹಕ್ಕೆ ಇನ್ನೊಂದು ಬಲವಿದೆ. ಬರೆದವನಿಗೆ ನಾಳೆ ಗೊತ್ತಿಲ್ಲ. ಬಖೈರು, ಅಂದರೆ ಹಿಂದಿನದರ ಚರಿತ್ರೆಕಥನ, ಬರೆಯುವವನಿಗೆ ಕಥೆಯ ಕೊನೆ ಗೊತ್ತು. ಯಾರನ್ನು ಹೊಗಳಬೇಕೆಂಬುದೂ ಗೊತ್ತು. ಕನ್ನಡದಲ್ಲೇ ಇರುವ 'ಹೈದರ್‌ನಾಮಾ' ಅಮೂಲ್ಯ ಗದ್ಯ, ಆದರೆ ಅದು 1784ರದು. ಹೈದರ್ ಸತ್ತು ಆಗಲೇ ಎರಡು ವರ್ಷವಾಗುತ್ತ ಬಂದಿತ್ತು. 1777ರ ಆರಂಭದಲ್ಲಿ ಈಗಿನ ಕುಂದಗೋಳ ತಾಲೂಕಿನ ಸಂಶಿಯ ಬಳಿ ಹೈದರನ ಸೇನಾನಿ ಮಹಮದ್ ಅಲಿ ಪಟವರ್ಧನರನ್ನು ಮುರಿದ. ಅವರಲ್ಲಿ ಕೊನ್ಹೇರರಾಯ ಕಾಳಗದಲ್ಲೇ ಸತ್ತ. ಪಾಂಡುರಂಗರಾಯ ಸೆರೆಸಿಕ್ಕು ಶ್ರೀರಂಗಪಟ್ಟಣದಲ್ಲೇ ಪ್ರಾಣಬಿಟ್ಟ. ಸಂಶಿಗೆ ಮೊದಲು ಬರೆದ ಕಾಗದದ ಮೇಲೆ ಸಂಶಿಯ ನೆರಳು ಬೀಳಲು ಸಾಧ್ಯವೇ ಇಲ್ಲ, ಅದರ ಬೆಲೆಯೂ ಅಲ್ಲಿಯೇ ಇದೆ. ಟಿಪ್ಪುವಿನ ದಂಡು ಮುತ್ತಿದ 1785ರ ನರಗುಂದವೂ ಹಾಗೆಯೇ. ಅಲ್ಲಿಯ ಒಡೆಯ ವೆಂಕಟರಾವ್ ಭಾವೆ ಪಟವರ್ಧನರ ನೆಂಟ; ಅವನ ಕಾರಭಾರಿ ಕಾಳೋಪಂತ ಪೇಠೆ ಪುಣೆಯ ಸಹಾಯ ಬಂದೇ ಬರುತ್ತದೆಂದು ನಂಬಿದ್ದ. ಪರಶುರಾಮಭಾವು ಹೊರಟ, ಬಂದ, ಹಿಂದೆ ಸರಿದ, ಕೋಟೆ ಬಿತ್ತು. ಆ ಮುತ್ತಿಗೆಯ ಇನ್ನೊಂದು ಬದಿಯೂ ನಮಗೆ ಲಭ್ಯ. ನರಗುಂದದ ಮುಂದಿದ್ದ ತನ್ನ ಸೇನಾನಿ ಬುರ್ಹಾನುದ್ದೀನನಿಗೆ ಟಿಪ್ಪು ಬರೆದ ಪತ್ರಗಳನ್ನು ಕಂಪನಿಯ ಅಧಿಕಾರಿ ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಇಂಗ್ಲಿಷಿಗೆ ಇಳಿಸಿ ಪ್ರಕಟಿಸಿದ. ಒಂದೇ ಗುಡ್ಡದ ಎರಡು ಕಡೆ ಕೂತು ಬರೆದ ಕಾಗದಗಳನ್ನು ಅಕ್ಕಪಕ್ಕ ಇಟ್ಟು ಓದುವ ಭಾಗ್ಯ ಎಷ್ಟು ಊರುಗಳ ಚರಿತ್ರೆಗಿದೆ?

ಆಕ್ಷೇಪಗಳು ಇಲ್ಲದಿಲ್ಲ. ಇವು ಸರಕಾರಿ ವರದಿಗಳು, ದಿನಚರಿಯ ಆತ್ಮೀಯತೆ ಇವಕ್ಕೆ ಎಲ್ಲಿಂದ ಬರಬೇಕು ಎಂಬುದು ಮೊದಲನೆಯದು. ಆದರೆ ಆ ಕಾಲದ ಸರದಾರ ಮನೆತನದಲ್ಲಿ ಸರಕಾರಕ್ಕೂ ಸಂಸಾರಕ್ಕೂ ನಡುವೆ ಗೋಡೆ ಎಲ್ಲಿತ್ತು? ಸೇನಾಪತಿ ಮಗನೇ, ಖಜಾನೆ ಮನೆಯದೇ, ಸಾಲವೂ ಮನೆಯದೇ. ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು: ಬಳಗಕ್ಕೆ ಬರೆಯುವವನು ಬಳಗವನ್ನು ಮೆಚ್ಚಿಸಲು ಬರೆಯುತ್ತಾನೆ, ತನ್ನ ತಪ್ಪು ಮುಚ್ಚುತ್ತಾನೆ. ನಿಜ. ಧಾರವಾಡದ ಮುತ್ತಿಗೆಯನ್ನೇ ನೋಡಿ. 1790ರ ಸೆಪ್ಟೆಂಬರಿನಲ್ಲಿ ಪರಶುರಾಮಭಾವು ಹಾಕಿದ ಮುತ್ತಿಗೆ ಮುಂದಿನ ವಸಂತದವರೆಗೆ ಎಳೆಯಿತು. ಒಳಗಿನಿಂದ ಟಿಪ್ಪುವಿನ ಸೇನಾನಿ ಬದ್ರುಜ್ಜಮಾನ್ ಖಾನ್ ಬಗ್ಗದೆ ನಿಂತಿದ್ದ. ಭಾವು ತನ್ನ ಕಡೆಯ ನೆಪ ಬರೆದಿರಬಹುದು. ಜೊತೆಗಿದ್ದ ಕಂಪನಿ ತುಕಡಿಯ ಎಡ್ವರ್ಡ್ ಮೂರ್ 1794ರ ತನ್ನ ಪುಸ್ತಕದಲ್ಲಿ ಬೇರೆಯೇ ಚಿತ್ರ ಕೊಡುತ್ತಾನೆ. ಮರಾಠರ ತೋಪು ಒಮ್ಮೆ ಹಾರಿತೆಂದರೆ ಗೋಲಂದಾಜರು ಕೂತು ಅರ್ಧ ಗಂಟೆ ಹುಕ್ಕಾ ಸೇದಿ ಹರಟುತ್ತಾರೆ, ನಡುಹಗಲಿನಲ್ಲಿ ಎರಡೂ ಕಡೆ ಬೆಂಕಿ ನಿಲ್ಲುತ್ತದೆ ಎಂದು ಅವನ ಗೇಲಿ. ಮೂರನಿಗೂ ಅವನದೇ ಓದುಗರಿದ್ದರು, ಲಂಡನ್ನಿನಲ್ಲಿ; ಅವರಿಗೆ ಮರಾಠರ ಸೋಮಾರಿತನದ ಕಥೆ ರುಚಿಸುತ್ತದೆಂದು ಅವನಿಗೂ ಗೊತ್ತಿತ್ತು. ಪಕ್ಷಪಾತವಿಲ್ಲದ ಸಾಕ್ಷಿ ಎಲ್ಲಿಯೂ ಸಿಗುವುದಿಲ್ಲ. ಸಾಕ್ಷಿಗಳು ಹೆಚ್ಚಿದಷ್ಟೂ ಸುಳ್ಳಿಗೆ ಜಾಗ ಕಡಿಮೆ.

ಶೃಂಗೇರಿಯ ಪ್ರಕರಣ ಇದನ್ನು ಇನ್ನೂ ಚೆನ್ನಾಗಿ ತೋರಿಸುತ್ತದೆ. 1791ರಲ್ಲಿ ರಘುನಾಥರಾಯ ಪಟವರ್ಧನನ ದಂಡು ಮಲೆನಾಡಿನ ಕಡೆಗೆ ಹೋದಾಗ ಮಠದ ಲೂಟಿಯಾಯಿತು. 1916ರಲ್ಲಿ ಮೈಸೂರಿನ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಶೃಂಗೇರಿಯಲ್ಲಿ ಟಿಪ್ಪು ಸ್ವಾಮಿಗಳಿಗೆ ಬರೆದ ಕನ್ನಡ ಪತ್ರಗಳ ಕಟ್ಟನ್ನು ಕಂಡು ಬೆಳಕಿಗೆ ತಂದರು. ಶಾರದೆಯ ಪುನಃಪ್ರತಿಷ್ಠೆಗೆ ಅವನು ಕೊಟ್ಟ ನೆರವಿನ ವಿವರ ಅವುಗಳಲ್ಲಿದೆ. ಹಾಗಾದರೆ ಮಿರಜಿನ ಕಾಗದಗಳು ಈ ಪಾಪವನ್ನು ಅಡಗಿಸಿದವೇ? ಇಲ್ಲ. ಪಟವರ್ಧನರ ಬಳಗದ ಪತ್ರಗಳಲ್ಲೇ ಲೂಟಿಯ ಪ್ರಸ್ತಾಪವಿದೆ, ಸ್ವಾಮಿಗಳ ಸಂಕಟದ ಮಾತೂ ಇದೆ. ಹೊಣೆಯನ್ನು ದಂಡಿನ ಮುಂದೆ ಹೋದ ಲಮಾಣಿಗಳ ಮತ್ತು ಪಿಂಡಾರಿಗಳ ತಲೆಗೆ ಕಟ್ಟಲಾಗಿದೆ ಎಂಬುದು ಬೇರೆ ಮಾತು. ಪಿಂಡಾರಿಗಳನ್ನು ಕರೆದುಕೊಂಡು ಹೋದವರು ಯಾರು ಎಂಬ ಪ್ರಶ್ನೆಗೆ ಅದು ಉತ್ತರವಲ್ಲ. ಆದರೂ ನೆಂಟರಿಂದ ನೆಂಟರಿಗೆ ಹೋದ ಕಾಗದವಾದ್ದರಿಂದಲೇ ನಾಚಿಕೆಯ ಸಂಗತಿ ಅಲ್ಲಿ ಉಳಿಯಿತು. ಜಗತ್ತಿಗೆ ಹೇಳದ ಮಾತನ್ನು ಮನುಷ್ಯ ತನ್ನವರಿಗೆ ಹೇಳುತ್ತಾನೆ, ಕೆಲವೊಮ್ಮೆ ಗೊಣಗುತ್ತಲಾದರೂ.

ಇನ್ನೊಂದು ಕೊರತೆಗೆ ನನ್ನಲ್ಲಿ ಸಮಾಧಾನವಿಲ್ಲ. ಈ ಬಳಗದಲ್ಲಿ ರೈತನಿಲ್ಲ. ಅವನ ಬೆಳೆ ದಂಡಿನ ಮೇವಾಗಿ, ಅವನ ಹಳ್ಳಿ ಖಂಡಣಿಯ ಮೊತ್ತವಾಗಿ ಕಾಗದದಲ್ಲಿ ಬರುತ್ತದೆ; ಅವನ ಮಾತು ಬರುವುದಿಲ್ಲ. ಹೆಂಗಸರ ದನಿಯೂ ಅತಿ ವಿರಳ. ಕಾಯುವ ಓದುಗರು ಬರಹವನ್ನು ಬೆಳೆಸುತ್ತಾರೆ ಎಂಬುದು ನಿಜವಾದರೆ, ಓದು ಬಾರದ ಬಳಗದ ಬದುಕು ಬರಹಕ್ಕೆ ಸಿಗದೆ ಹೋಗುತ್ತದೆ ಎಂಬುದೂ ಅಷ್ಟೇ ನಿಜ. ಇದನ್ನು ಪತ್ರಸಂಗ್ರಹದ ದೋಷವೆನ್ನುವುದಕ್ಕಿಂತ ಆ ಸಮಾಜದ ದೋಷವೆನ್ನಬೇಕು, ಆದರೆ ಓದುವಾಗ ಇದನ್ನು ಮರೆಯುವಂತಿಲ್ಲ.

ಮರಾಠಿಯ ಮೋಡಿ ಕಾಗದ ನಮಗೇಕೆ ಎಂಬ ಆಕ್ಷೇಪಕ್ಕೆ ಮಾತ್ರ ನನಗೆ ತಾಳ್ಮೆ ಕಡಿಮೆ. ಶ್ರೀರಂಗಪಟ್ಟಣದಲ್ಲಿ ಸತ್ತ ಪಾಂಡುರಂಗರಾಯನ ಎಳೆಯ ಮಗ ಚಿಂತಾಮಣರಾಯ ಮುಂದೆ ಚಿಕ್ಕಪ್ಪ ಗಂಗಾಧರರಾಯನೊಡನೆ ಜಗಳವಾಡಿ ಮಿರಜನ್ನು ಬಿಟ್ಟು ಸಾಂಗ್ಲಿಯಲ್ಲಿ ನೆಲೆನಿಂತ. ಕರ್ನಾಟಕದ ಭಾಗವತರ ಮೇಳದ ಆಟ ನೋಡಿ, ಅಂಥದ್ದನ್ನು ಮರಾಠಿಯಲ್ಲಿ ಕಟ್ಟಲು ವಿಷ್ಣುದಾಸ ಭಾವೆಗೆ ಹೇಳಿದ್ದೂ, 1843ರಲ್ಲಿ 'ಸೀತಾಸ್ವಯಂವರ' ಆಡಿಸಿದ್ದೂ ಅವನೇ. ಸಾಂಗ್ಲಿ ಸಂಸ್ಥಾನದಲ್ಲಿ ತೇರದಾಳ, ಶಿರಹಟ್ಟಿ, ಬೆಳಗಾವಿಗೆ ಅಂಟಿಕೊಂಡ ಶಹಾಪುರ ಇದ್ದವು. ಮಿರಜ ಹಿರಿಯ ಸಂಸ್ಥಾನದಲ್ಲಿ ಲಕ್ಷ್ಮೇಶ್ವರವಿತ್ತು. 1948ರ ವಿಲೀನದವರೆಗೆ ಈ ಊರುಗಳ ಚರಿತ್ರೆ ಕೃಷ್ಣೆಯ ದಂಡೆಯ ಈ ಎರಡು ಪಟ್ಟಣಗಳಿಗೆ ಕಟ್ಟುಬಿದ್ದಿತ್ತು. ಗಡಿಯ ವ್ಯಾಜ್ಯ ಏನೇ ಇರಲಿ, ಕಾಗದಕ್ಕೆ ಗಡಿ ಹಾಕುವುದು ನಮಗೇ ನಷ್ಟ. ರಟ್ಟೀಹಳ್ಳಿ, ನಿಜಗಲ್ಲು, ಸಂಶಿ, ನರಗುಂದ, ಧಾರವಾಡಗಳಿಗೆ ಸಂಬಂಧಿಸಿದ ಖರೆಯವರ ಪತ್ರಗಳನ್ನು ಟಿಪ್ಪಣಿಸಹಿತ ಕನ್ನಡಕ್ಕೆ ತರುವ ಕೆಲಸವನ್ನು ನಮ್ಮ ವಿಶ್ವವಿದ್ಯಾಲಯಗಳು ವಹಿಸಿಕೊಳ್ಳಬೇಕು. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಸೀಮೆಯ ಹಳೆಯ ದೇಸಾಯಿ, ಕುಲಕರ್ಣಿ ವಾಡೆಗಳಲ್ಲಿ ಮೋಡಿ ಕಾಗದದ ಗಂಟುಗಳು ಉಳಿದಿದ್ದರೆ, ಮನೆಯವರು ಅವನ್ನು ರದ್ದಿಗೆ ಹಾಕುವ ಮೊದಲು ಮೋಡಿ ಬಲ್ಲ ಒಬ್ಬರಿಗೆ ಒಮ್ಮೆ ತೋರಿಸಲಿ.